ಹೋಗುವ ಮುನ್ನ ಮನೆಯಲ್ಲಿ ಆಡಬೇಕಾದ ಮಾತು



ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ರೈಲು ನಂಜನಗೂಡು ಬಿಟ್ಟ ಮೇಲೆ ಚಿನ್ನದಗುಡಿಹುಂಡಿ, ನರಸಾಂಬುಧಿ ನಿಲ್ದಾಣಗಳನ್ನು ದಾಟಿ ಕವಲಂದೆಗೆ ಬರುತ್ತದೆ. ಈ ದಾರಿಯ ಹಳ್ಳಿಗಳ ಜನ ದುಡಿಮೆಗಾಗಿ ಮನೆಯಿಂದ ಹೊರಡುವುದು ಇವತ್ತಿನದಲ್ಲ. ಪಕ್ಕದ ಬದನವಾಳಿನ ಖಾದಿ ಕೇಂದ್ರ ಒಂದು ಕಾಲಕ್ಕೆ ಎಷ್ಟೋ ಹೆಣ್ಣುಮಕ್ಕಳಿಗೆ ರಾಟೆಯ ಮುಂದೆ ಕೂತು ಅನ್ನ ದುಡಿಯುವ ದಾರಿ ಕೊಟ್ಟಿತು. ಅತ್ತ ತಿ. ನರಸೀಪುರದ ಸರ್ಕಾರಿ ರೇಷ್ಮೆ ಕಾರ್ಖಾನೆ ಕೆಲವರಿಗೆ ತಿಂಗಳ ಸಂಬಳ ಕಾಣಿಸಿತು. ನಂಜನಗೂಡಿನ ಕೈಗಾರಿಕಾ ಪ್ರದೇಶ ಬಂದ ಮೇಲೆ ಹಳ್ಳಿಯ ಹುಡುಗರು ಪಾಳಿ ಕೆಲಸಕ್ಕೆ ಬಸ್ಸು ಹತ್ತಿದರು. ಬೆಂಗಳೂರು ಸೇರಿದವರು ಯುಗಾದಿಗೋ ರಂಜಾನಿಗೋ ನಂಜನಗೂಡಿನ ದೊಡ್ಡ ಜಾತ್ರೆಗೋ ಬಂದು ಹೋಗುತ್ತಾರೆ. ಅವ್ವನಿಗೆ ಹುಷಾರಿಲ್ಲ ಎಂದು ರಾತ್ರಿ ಫೋನು ಬಂದರೆ ಬೆಳಗಾಗುವುದರೊಳಗೆ ಬಂದು ಸೇರಬಹುದಾದ ದೂರಗಳು ಇವು.

ನಾನು ಇವತ್ತು ಮಾತಾಡಬೇಕೆಂದಿರುವುದು ಹಾಗೆ ಬಂದು ಸೇರಲಾಗದ ದೂರದ ಬಗ್ಗೆ.

ಈಗ ನಮ್ಮ ಸೀಮೆಯ ಮನೆಗಳಲ್ಲಿ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಡ್ರೈವಿಂಗ್ ಲೈಸೆನ್ಸ್ ಇರುವ ಹುಡುಗನಿಗೆ ಯಾರೋ ಸೌದಿಯ ಕೆಲಸದ ಮಾತು ತರುತ್ತಾರೆ. ನರ್ಸಿಂಗ್ ಮುಗಿಸಿದ ಹುಡುಗಿ ಇಂಗ್ಲೆಂಡಿಗೋ ಜರ್ಮನಿಗೋ ಹೋಗಲೇ ಎಂದು ಕೇಳುತ್ತಾಳೆ. ಇಂಜಿನಿಯರಿಂಗ್ ಓದಿದ ಮಗ ಎಂ.ಎಸ್. ಮಾಡಬೇಕು, ಬ್ಯಾಂಕಿನಲ್ಲಿ ಸಾಲ ತೆಗೆಯೋಣ ಅನ್ನುತ್ತಾನೆ. ಅಪ್ಪ ಮಾತಾಡದೆ ಕೂರುತ್ತಾನೆ. ಅವ್ವ ಒಳಗೆ ಹೋಗುತ್ತಾಳೆ. ನೆಂಟರು ತಲೆಗೊಂದು ಮಾತು ಹೇಳುತ್ತಾರೆ. ಕೊನೆಗೆ ಒಂದು ದಿನ ಟಿಕೆಟ್ ಬರುತ್ತದೆ, ಮಗು ಹೊರಟುಬಿಡುತ್ತದೆ. ಆಡಬೇಕಾಗಿದ್ದ ಮಾತು ಆಡದೇ ಉಳಿಯುತ್ತದೆ.

ಹೋಗಿ ಎಂದಾಗಲಿ ಬೇಡ ಎಂದಾಗಲಿ ಹೇಳಲು ನಾನು ಬಂದಿಲ್ಲ. ಹೋಗುವುದು ದ್ರೋಹವಲ್ಲ, ಉಳಿಯುವುದು ಸೋಲಲ್ಲ. ಆದರೆ ಹೋದವರು ಅಲ್ಲಿನ ನಿಜವನ್ನು ಇಲ್ಲಿಗೆ ಹೇಳಬೇಕು, ಇಲ್ಲಿದ್ದವರು ಇಲ್ಲಿನ ನಿಜವನ್ನು ಅಲ್ಲಿಗೆ ಹೇಳಬೇಕು. ಆಗ ಮಾತ್ರ ಮುಂದಿನ ಮಗು ಕಣ್ಣು ಬಿಟ್ಟು ನಿರ್ಧಾರ ಮಾಡಬಲ್ಲದು. ನನ್ನ ಮಾತೆಲ್ಲ ಇದೊಂದರ ಸುತ್ತ.

ಫೋನಿನಲ್ಲಿ ನಮ್ಮ ಮನೆಗಳು ಹೇಗೆ ಮಾತಾಡುತ್ತವೆ ನೋಡಿ. "ಉಂಡ್ಯಾ ಮಗ?" "ಉಂಡೆ ಕನವ್ವ." "ಚೆನ್ನಾಗಿದ್ದೀಯಾ?" "ಚೆನ್ನಾಗಿವ್ನಿ, ನೀವು?" "ನಮಗೇನಾಗದ, ಎಲ್ಲಾ ಚೆನ್ನಾಗದ." ಆ ಮಗನಿಗೆ ಎರಡು ತಿಂಗಳಿಂದ ಸಂಬಳ ಆಗಿಲ್ಲದೆ ಇರಬಹುದು. ಈ ಅವ್ವನಿಗೆ ಸಕ್ಕರೆ ಕಾಯಿಲೆ ಏರಿ ಕಾಲಿನ ಗಾಯ ಮಾಯದೆ ಇರಬಹುದು. ಇಬ್ಬರೂ ಪ್ರೀತಿಯಿಂದಲೇ ಮುಚ್ಚಿಡುತ್ತಾರೆ. ಆದರೆ ಆ ಮಗ ಹೊಸ ಅಂಗಿ ತೊಟ್ಟು ಎತ್ತರದ ಕಟ್ಟಡದ ಮುಂದೆ ನಿಂತು ತೆಗೆಸಿದ ಫೋಟೋವನ್ನು ಪಕ್ಕದ ಬೀದಿಯ ಹುಡುಗನೂ ನೋಡುತ್ತಾನೆ. ಆ ಕಟ್ಟಡದ ಹಿಂದಿನ ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ ಎಂಬುದು ಅವನಿಗೆ ಕಾಣುವುದಿಲ್ಲ. ನಾಳೆ ಅವನ ಅಪ್ಪ ಹೊಲದ ಪತ್ರ ಅಡವಿಡುತ್ತಾನೆ.

ಆ ಕೋಣೆಯ ಮಾತು ಸಣ್ಣದಲ್ಲ. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕೆಲಸಗಾರರು ಇದ್ದ ಕಟ್ಟಡಕ್ಕೆ ನಸುಕಿನಲ್ಲಿ ಬೆಂಕಿ ಹತ್ತಿ 40ಕ್ಕೂ ಹೆಚ್ಚು ಭಾರತೀಯರು ತೀರಿಕೊಂಡರು. ಬಹಳ ಮಂದಿ ಕೇರಳದವರು. ನಮ್ಮ ಕಲಬುರಗಿ ಜಿಲ್ಲೆಯವರೊಬ್ಬರೂ ಇದ್ದರು. ಹಾಗಾಗಿ ಸಂಬಳ ಎಷ್ಟು ಎಂದು ಕೇಳಿದ ಬಾಯಲ್ಲೇ, ಎಲ್ಲಿ ಮಲಗುತ್ತೀಯ, ಒಂದು ಕೋಣೆಗೆ ಎಷ್ಟು ಜನ, ಅಡುಗೆ ಎಲ್ಲಿ, ಹೊರಗೆ ಬರಲು ಎಷ್ಟು ಬಾಗಿಲು ಎಂದೂ ಕೇಳಬೇಕು. ಇದನ್ನು ಕೇಳಲು ಯಾವ ಅವ್ವನೂ ಓದಿರಬೇಕಾಗಿಲ್ಲ.

ಇನ್ನು ಲೆಕ್ಕದ ಮಾತು. ಗಲ್ಫಿಗೆ ಹೋಗುವವರ ಮನೆಯಲ್ಲಿ ನಾಲ್ಕು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆಯಬೇಕು. ಹೋಗಲು ಆಗುವ ಖರ್ಚು, ಅದಕ್ಕೆ ತೆಗೆದ ಸಾಲದ ಬಡ್ಡಿ, ಅಲ್ಲಿನ ಊಟ ವಸತಿ ಕಳೆದು ತಿಂಗಳಿಗೆ ಕೈಯಲ್ಲಿ ಉಳಿಯುವ ಹಣ, ಒಪ್ಪಂದದ ಅವಧಿ. ಉಳಿಯುವ ಹಣದಲ್ಲಿ ಸಾಲ ತೀರಲು ಒಂದೂವರೆ ವರ್ಷ ಬೇಕಾಗಿ, ಒಪ್ಪಂದ ಎರಡೇ ವರ್ಷದ್ದಾದರೆ, ಆ ಹುಡುಗ ಎರಡು ವರ್ಷ ಬಿಸಿಲಲ್ಲಿ ಬೆಂದು ಮನೆಗೆ ತರುವುದು ಆರು ತಿಂಗಳ ಗಳಿಕೆ. ಆ ಆರು ತಿಂಗಳ ಗಳಿಕೆಯನ್ನು ನಂಜನಗೂಡಿನಲ್ಲೋ ಮೈಸೂರಿನಲ್ಲೋ ದುಡಿದರೆ ಎರಡು ವರ್ಷಕ್ಕೆ ಎಷ್ಟಾಗುತ್ತಿತ್ತು ಎಂಬುದರ ಪಕ್ಕದಲ್ಲಿಟ್ಟು ನೋಡಬೇಕು. ಕೆಲವರಿಗೆ ಆಗಲೂ ಹೋಗುವುದೇ ಲಾಭವಾಗಿ ಕಾಣಬಹುದು. ಕಾಣಲಿ. ಲೆಕ್ಕ ನೋಡಿಯೇ ಹೋಗಲಿ.

ಈ ಲೆಕ್ಕದ ಮೊದಲ ಅಂಕಿಗೆ ಕಾನೂನು ಒಂದು ಮಿತಿ ಹಾಕಿದೆ. ಸರ್ಕಾರದಿಂದ ಪರವಾನಗಿ ಪಡೆದ ಏಜೆಂಟು ಕೆಲಸಕ್ಕೆ ಹೋಗುವವರಿಂದ ಸೇವಾ ಶುಲ್ಕವಾಗಿ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಒಟ್ಟು 35,400 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಅದಕ್ಕೂ ರಸೀದಿ ಕೊಡಬೇಕು. ಲಕ್ಷಗಟ್ಟಲೆ ಕೇಳುವವನು, ರಸೀದಿ ಬೇಡ ಅನ್ನುವವನು ಅಲ್ಲಿಗೇ ತನ್ನ ಗುರುತು ತೋರಿಸಿಕೊಂಡ ಹಾಗೆ. ಏಜೆಂಟರ ಪರವಾನಗಿ ನಿಜವೇ ಅಂತ ಇ-ಮೈಗ್ರೇಟ್ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಡಬಹುದು. ಮನೆಯಲ್ಲಿ ಪಿಯುಸಿ ಓದುವ ಮಗುವೊಂದಿದ್ದರೆ ಸಾಕು, ಆ ಕೆಲಸ ಮಾಡಿಕೊಡುತ್ತದೆ.

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಇಸಿಆರ್ ಎಂಬ ಗುರುತು ಬೀಳುತ್ತದೆ. ಅಂಥವರು ಸೌದಿ, ಕುವೈತ್, ಕತಾರ್, ಒಮಾನ್, ಬಹ್ರೇನ್, ಯುಎಇ, ಮಲೇಷ್ಯಾ ಮುಂತಾದ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯ ಪ್ರಕಾರ ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿ ಬೇಕು. ಆ ಕಚೇರಿ ಬೆಂಗಳೂರಿನಲ್ಲೇ ಇದೆ. ಬಹಳ ಜನ ಇದನ್ನು ಒಂದು ತೊಡಕು ಅಂದುಕೊಳ್ಳುತ್ತಾರೆ. "ಅದೆಲ್ಲ ಯಾಕೆ, ವಿಸಿಟ್ ವೀಸಾದಲ್ಲಿ ಕಳಿಸ್ತೀನಿ, ಅಲ್ಲಿ ಹೋದ ಮೇಲೆ ಬದಲಾಯಿಸ್ಕೊಳ್ಳಿ" ಎಂದು ಹೇಳುವವರೂ ಇದ್ದಾರೆ. ಹಾಗೆ ಹೋದವನ ಹೆಸರು ಕೆಲಸಗಾರನೆಂದು ಯಾವ ಕಾಗದದಲ್ಲೂ ಇರುವುದಿಲ್ಲ. ಸಂಬಳ ಸಿಗದಿದ್ದರೆ ಕೇಳಲು ಒಪ್ಪಂದವಿರುವುದಿಲ್ಲ. ವೀಸಾ ಅವಧಿ ಮುಗಿದರೆ ಅವನೇ ತಪ್ಪಿತಸ್ಥ. ಸರಿಯಾದ ದಾರಿಯಲ್ಲಿ ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಯ ವಿಮೆ ಇದೆ. ಎರಡು ವರ್ಷಕ್ಕೆ ಕಂತು 275 ರೂಪಾಯಿ, ಮೂರು ವರ್ಷಕ್ಕೆ 375, ತೆರಿಗೆ ಬೇರೆ. ಒಂದು ಮನೆಯ ದುಡಿಯುವ ಕೈಗೆ ಏನಾದರೂ ಆದರೆ ಆಸರೆಯಾಗುವ ಹಣ ಇದು. ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲೂ ಅಂತರರಾಷ್ಟ್ರೀಯ ವಲಸೆ ಕೇಂದ್ರವೊಂದಿದೆ. ಗೊತ್ತಿಲ್ಲದ ದಲ್ಲಾಳಿಯ ಹತ್ತಿರ ಹೋಗುವ ಮುಂಚೆ ಆ ಬಾಗಿಲು ತಟ್ಟಬೇಕು.

ಕೆಲಸದ ಹೆಸರನ್ನೂ ನಂಬಿ ಕೂರುವಂತಿಲ್ಲ. 2024ರ ಫೆಬ್ರವರಿಯಲ್ಲಿ ಕಲಬುರಗಿ ಜಿಲ್ಲೆಯ ಯುವಕರ ಸುದ್ದಿ ನಾಡಿನ ಪತ್ರಿಕೆಗಳಲ್ಲೆಲ್ಲ ಬಂತು. ರಷ್ಯಾದಲ್ಲಿ ಕಾವಲು, ಸಹಾಯಕನ ಕೆಲಸ ಎಂದು ನಂಬಿ ಹೋದ ಅವರು ಉಕ್ರೇನ್ ಯುದ್ಧದ ಗಡಿಯಲ್ಲಿ ನಿಂತಿದ್ದರು. ಬಡತನದಿಂದ ಹೊರಟವರಿಗೆ ಆ ಶಿಕ್ಷೆ ಯಾಕೆ ಎಂದು ಕೇಳಿದರೆ ಹೊಟ್ಟೆ ಉರಿಯುತ್ತದೆ. ಅಲ್ಲಿಗೆ ಹೋದ ಮೇಲೆ ಕೊಡುವ ಕಾಗದಕ್ಕೆ, ಅದು ಓದಲು ಬಾರದ ಭಾಷೆಯಲ್ಲಿದ್ದರೆ, ಸಹಿ ಹಾಕಬಾರದು. ಇಲ್ಲಿ ಸಹಿ ಹಾಕಿದ ಒಪ್ಪಂದದ ಒಂದು ಪ್ರತಿ ಮನೆಯ ಬೀರುವಿನಲ್ಲಿರಬೇಕು, ಪಾಸ್‌ಪೋರ್ಟಿನ ನಕಲೂ ಇರಬೇಕು. ಮಾಲೀಕ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಸೌದಿಯಲ್ಲೂ ಯುಎಇಯಲ್ಲೂ ಕತಾರಿನಲ್ಲೂ ಕಾನೂನಿಗೆ ವಿರುದ್ಧ. ನಮ್ಮ ಹುಡುಗರಿಗೆ ಅದು ಗೊತ್ತಿರುವುದಿಲ್ಲ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಯಲಿನ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಅದೂ ಗೊತ್ತಿರುವುದಿಲ್ಲ. ಹಕ್ಕು ತಿಳಿದವನು ಜಗಳ ಮಾಡಬೇಕೆಂದಲ್ಲ, ಕಷ್ಟ ಬಂದಾಗ ಯಾವ ಬಾಗಿಲಿಗೆ ಹೋಗಬೇಕೆಂದು ಅವನಿಗೆ ತಿಳಿದಿರುತ್ತದೆ. ಭಾರತೀಯ ರಾಯಭಾರ ಕಚೇರಿ ಇರುವುದು ಅದಕ್ಕೇ. ಮದದ್ ಎಂಬ ದೂರಿನ ಜಾಲತಾಣ ಇರುವುದೂ ಅದಕ್ಕೇ.

ನಮ್ಮ ಜಿಲ್ಲೆಯದೇ ಒಂದು ಕಥೆ ಹೇಳುತ್ತೇನೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ಗಿಡಮೂಲಿಕೆಯ ಎಣ್ಣೆ ಹೊತ್ತು ಆಫ್ರಿಕಾದ ದೇಶಗಳಿಗೆ ವ್ಯಾಪಾರಕ್ಕೆ ಹೋಗುತ್ತಾರೆ. ಕಾಡು ಬಿಟ್ಟು ಬಂದ ಸಮುದಾಯ ತಮ್ಮ ತಿಳಿವಳಿಕೆಯನ್ನೇ ಬಂಡವಾಳ ಮಾಡಿಕೊಂಡು ಅಷ್ಟು ದೂರ ಹೋದದ್ದು ಅವರ ಧೈರ್ಯಕ್ಕೆ ಸಾಕ್ಷಿ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಎರಡು ಸೇನೆಗಳ ನಡುವೆ ಕಾಳಗ ಹೊತ್ತಿಕೊಂಡಾಗ ನಮ್ಮ ಹಕ್ಕಿಪಿಕ್ಕಿ ಅಣ್ಣತಮ್ಮಂದಿರು, ಅಕ್ಕತಂಗಿಯರು ಅಲ್ಲಿ ಸಿಕ್ಕಿಬಿದ್ದರು. ಅನ್ನ ನೀರಿಲ್ಲದೆ ಬಾಡಿಗೆ ಕೋಣೆಯಲ್ಲಿ ಕೂತವರು ಮೊಬೈಲಿನಲ್ಲಿ ಮಾತಾಡಿ ಕಳಿಸಿದ ದೃಶ್ಯಗಳನ್ನು ನಾಡೆಲ್ಲ ನೋಡಿತು. ಅವರನ್ನೂ ಉಳಿದ ಭಾರತೀಯರನ್ನೂ ಕರೆತರುವ ಕಾರ್ಯಾಚರಣೆಗೆ ಸರ್ಕಾರ ಇಟ್ಟ ಹೆಸರು ಕಾವೇರಿ. ಬಹುತೇಕ ಪೋರ್ಟ್ ಸುಡಾನಿನಿಂದ ಹಡಗು, ವಿಮಾನಗಳಲ್ಲಿ ಜೆಡ್ಡಾಕ್ಕೆ, ಅಲ್ಲಿಂದ ಭಾರತಕ್ಕೆ, ಒಟ್ಟು 3,800ಕ್ಕೂ ಹೆಚ್ಚು ಜನ ಸುರಕ್ಷಿತವಾಗಿ ಬಂದರು.

ಪ್ರಾಣ ಉಳಿಯಿತು. ಆದರೆ ಸಾಲ ಮಾಡಿ ಒಯ್ದಿದ್ದ ಸರಕು ಅಲ್ಲೇ ಹೋಯಿತು, ಸಾಲ ಇಲ್ಲೇ ಉಳಿಯಿತು. ಕಷ್ಟ ಬಂದ ದಿನ ಅವರು ಮುಚ್ಚಿಡದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಆದ್ದರಿಂದಲೇ ನಾಡು ಕೇಳಿಸಿಕೊಂಡಿತು. ಎಲ್ಲಿದ್ದೇವೆ, ಎಷ್ಟು ಜನ ಇದ್ದೇವೆ, ಏನಿಲ್ಲ ಎಂದು ಹೇಳಿದವರನ್ನು ಹುಡುಕಬಹುದು. ವಿದೇಶದಲ್ಲಿ ಕಾಲಿಟ್ಟ ಕೂಡಲೇ ರಾಯಭಾರ ಕಚೇರಿಯಲ್ಲಿ ಹೆಸರು, ವಿಳಾಸ ಬರೆಸಿಡಬೇಕೆಂದು ಹೇಳುವುದು ಇದಕ್ಕಾಗಿಯೇ.

ಓದಿಗಾಗಿ ಹೋಗುವ ಮಕ್ಕಳ ಕಷ್ಟ ಬೇರೆ ಬಗೆಯದು. ಅವರಿಗೆ ಏಜೆಂಟನ ಮೋಸಕ್ಕಿಂತ ಮನೆಯ ನಿರೀಕ್ಷೆಯ ಭಾರ ಹೆಚ್ಚು. ಬ್ರಿಟನ್ನಿನಲ್ಲಿ ಪದವಿಗೆ ಓದುವ ವಿದ್ಯಾರ್ಥಿ ತರಗತಿಗಳು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. 2024ರ ಜನವರಿಯಿಂದ ಬಹುತೇಕ ವಿದ್ಯಾರ್ಥಿಗಳು ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಅಲ್ಲಿ ದುಡಿದುಕೊಂಡೇ ಸಾಲ ತೀರಿಸುತ್ತೇನೆ ಎಂಬ ಮಾತನ್ನು ನಂಬುವ ಮುಂಚೆ ಅಪ್ಪ ಈ 20 ಗಂಟೆಯನ್ನು ನೆನಪಿಟ್ಟುಕೊಳ್ಳಲಿ. ನರ್ಸಿಂಗ್ ಓದಿದ ಹೆಣ್ಣುಮಕ್ಕಳಿಗೆ ದಾರಿ ಸ್ವಲ್ಪ ಗಟ್ಟಿಯಿದೆ. ಆದರೆ ಜರ್ಮನಿಗೆ ಜರ್ಮನ್ ಭಾಷೆಯಲ್ಲಿ ಬಿ2 ಮಟ್ಟದ ಪರೀಕ್ಷೆ ಬೇಕು, ಬ್ರಿಟನ್ನಿಗೆ ಇಂಗ್ಲಿಷ್ ಪರೀಕ್ಷೆಯೂ ವೃತ್ತಿಯ ಪರೀಕ್ಷೆಯೂ ಬೇಕು. ಕವಲಂದೆಯ ಕನ್ನಡ ಶಾಲೆಯಲ್ಲೋ ಉರ್ದು ಶಾಲೆಯಲ್ಲೋ ಓದಿದ ಹುಡುಗಿಗೆ ಅದು ಒಂದು ವರ್ಷದ ತಪಸ್ಸು. ಆ ಒಂದು ವರ್ಷ ಮನೆ ಅವಳಿಗೆ ಮದುವೆಯ ಮಾತು ತೆಗೆಯದೆ ಓದಲು ಬಿಟ್ಟರೆ, ಅದೇ ಅವಳಿಗೆ ಕೊಟ್ಟ ದೊಡ್ಡ ಬಳುವಳಿ.

ಹೋದ ಮೇಲೆ ಹೊಂದಿಕೊಳ್ಳುವುದು ಇನ್ನೊಂದು ಕೆಲಸ. ಮೊದಲ ತಿಂಗಳು ಎಲ್ಲವೂ ಹೊಸದು, ಎಲ್ಲವೂ ಚೆಂದ. ಕಷ್ಟ ಶುರುವಾಗುವುದು ಆಮೇಲೆ. ಲಂಡನ್ನಿನಲ್ಲಿ ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ. ಬಿಸಿಲಲ್ಲಿ ಬೆಳೆದ ಮೈಮನಸ್ಸು ಕುಗ್ಗುತ್ತದೆ. ರಾಗಿಮುದ್ದೆ ತಿಂದ ಹೊಟ್ಟೆ ತಣ್ಣನೆಯ ಬ್ರೆಡ್ಡಿಗೆ ಒಗ್ಗುವುದಿಲ್ಲ. ಕೆಲಸದ ಜಾಗದಲ್ಲಿ ಮಾತು ಅರ್ಥವಾಗದಿದ್ದಾಗ ಇನ್ನೊಮ್ಮೆ ಹೇಳಿ ಎಂದು ಕೇಳಲು ನಾಚಿಕೆ. ಹಬ್ಬದ ದಿನ ರಜೆಯಿಲ್ಲ. ಆ ದಿನಗಳಲ್ಲಿ ನಾನು ಹೇಡಿ, ನನಗೊಬ್ಬನಿಗೇ ಹೀಗೆ ಎಂದು ಯಾರೂ ಅಂದುಕೊಳ್ಳಬಾರದು. ದೂರ ಹೋದವರೆಲ್ಲ ಇದನ್ನು ದಾಟಿಯೇ ಹೋಗಿದ್ದಾರೆ. ಕೋಣೆ ಸೇರಿಕೊಂಡು ಕೂರದೆ ಜನರ ನಡುವೆ ಹೋಗುವುದೇ ಇದಕ್ಕಿರುವ ಮದ್ದು. ಬ್ರಿಟನ್ನಿನಲ್ಲಿ ಕನ್ನಡ ಬಳಗ 1983ರಿಂದ ಇದೆ. ಅಮೆರಿಕದ ಕನ್ನಡ ಕೂಟಗಳು ಸೇರಿ ಕಟ್ಟಿದ ಅಕ್ಕ ಸಂಸ್ಥೆ 2000ದಲ್ಲಿ ಹೂಸ್ಟನ್ನಿನಲ್ಲಿ ತನ್ನ ಮೊದಲ ವಿಶ್ವ ಕನ್ನಡ ಸಮ್ಮೇಳನ ನಡೆಸಿತು. ದುಬೈಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಪಾಠಶಾಲೆಯಿದೆ. ಮಸೀದಿ, ದೇವಸ್ಥಾನ, ಚರ್ಚುಗಳ ಅಂಗಳದಲ್ಲೂ ನಮ್ಮವರು ಸಿಗುತ್ತಾರೆ. ಬರೀ ನಮ್ಮವರನ್ನೇ ಹುಡುಕುತ್ತಾ ಕೂತರೂ ಆಗದು. ಆ ನೆಲದ ನೆರೆಯವರ ಹೆಸರು ಹಿಡಿದು ಮಾತಾಡಿಸಿದ ದಿನ ಆ ಊರು ಸ್ವಲ್ಪ ನಮ್ಮದಾಗುತ್ತದೆ.

ಅಲ್ಲಿ ಹುಟ್ಟುವ ಮಕ್ಕಳಿಗೆ ನಮ್ಮ ಈ ಸೀಮೆಯ ಆಡುಮಾತನ್ನೇ ಕಲಿಸಿ ಎಂದು ನಾನು ಕೇಳಿಕೊಳ್ಳುತ್ತೇನೆ. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಅವರು ಇದೇ ಮಾತಿನಲ್ಲಿ ಕುಸುಮಬಾಲೆ ಕಾದಂಬರಿ ಬರೆದು ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯವರೆಗೆ ಅದನ್ನು ಕರೆದೊಯ್ದರು. ಹಾಗಿರುವಾಗ ಅಜ್ಜಿಯ ಜೊತೆ ಮಾತಾಡಲು ಬಾರದ ಮೊಮ್ಮಗಳು ನಮ್ಮ ಮನೆಗಳಲ್ಲಿ ಇರಬಾರದು.

ಹೋಗುವುದು, ಇರುವುದು, ಹಿಂದಿರುಗುವುದು, ಈ ಮೂರನ್ನೂ ಘನತೆಯಿಂದ ಮಾಡಿದವರು ಮೈಸೂರಿನಲ್ಲಿ ಆಗಿಹೋಗಿದ್ದಾರೆ. ಲಂಡನ್ನಿನಲ್ಲಿ ಮನಶ್ಶಾಸ್ತ್ರ ಓದಿ ಬಂದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು. ಇವತ್ತು ನನ್ನ ದನಿ ನಿಮ್ಮ ಮನೆಗೆ ಬರುವಂತಾದದ್ದರ ಮೊದಲಿಗೆ ಅವರ ಆ ಹಿಂದಿರುಗುವಿಕೆಯಿದೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1945ರಲ್ಲಿ ಆಕ್ಸ್‌ಫರ್ಡಿಗೆ ಹೋದರು, ಅಲ್ಲೇ ಅಧ್ಯಾಪಕರಾದರು. 1948ರಲ್ಲಿ ತಿ. ನರಸೀಪುರ ತಾಲ್ಲೂಕಿನ ಕೊಡಗಹಳ್ಳಿಗೆ ಬಂದು ತಿಂಗಳುಗಟ್ಟಲೆ ಇದ್ದು ಹಳ್ಳಿಯ ಬಾಳನ್ನು ಅಧ್ಯಯನ ಮಾಡಿದರು. 1951ರಲ್ಲಿ ಆಕ್ಸ್‌ಫರ್ಡಿನ ಕೆಲಸ ಬಿಟ್ಟು ಬರೋಡಾಕ್ಕೆ ಬಂದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಬೆಂಕಿಯಲ್ಲಿ ಅವರ ಟಿಪ್ಪಣಿಗಳು ಸುಟ್ಟುಹೋದವು. ಆಗ ಅವರು ಆ ಹಳ್ಳಿಯನ್ನು ನೆನಪಿನಿಂದಲೇ ಬರೆದರು. 1976ರಲ್ಲಿ ಬಂದ ಆ ಪುಸ್ತಕವನ್ನು ಇಂದಿಗೂ ಜಗತ್ತು ಓದುತ್ತದೆ. ಕವಿ ಎ.ಕೆ. ರಾಮಾನುಜನ್ ಅವರದು ಇನ್ನೊಂದು ದಾರಿ. 1959ರಲ್ಲಿ ಅಮೆರಿಕಕ್ಕೆ ಹೋದವರು ಶಿಕಾಗೋದಲ್ಲೇ ಉಳಿದರು, 1993ರಲ್ಲಿ ಅಲ್ಲೇ ತೀರಿಕೊಂಡರು. ಆದರೆ ಕನ್ನಡದಲ್ಲಿ ಅವರ ಮೊದಲ ಕವನ ಸಂಕಲನ ಬಂದದ್ದು ಹೋಗಿ ಹತ್ತು ವರ್ಷವಾದ ಮೇಲೆ, 1969ರಲ್ಲಿ. ಹಿಂದಿರುಗಿದವರನ್ನು ಹೊಗಳಿ ಉಳಿದವರನ್ನು ತೆಗಳಲು ಯಾವ ಕಾರಣವೂ ಇಲ್ಲ. ಎಲ್ಲಿದ್ದರೂ ಎರಡು ಊರಿಗೂ ನಿಜವಾಗಿ ಬಾಳಿದರು, ಅಷ್ಟೇ.

ಅವರು ಓದಿದ ಮನೆಗಳಿಂದ ಹೋದವರು, ನಮಗೇನು ಎಂದು ಯಾರಾದರೂ ಕೇಳಬಹುದು. ಇರುವುದೋ ಹಿಂದಿರುಗುವುದೋ ಎಂಬ ಪ್ರಶ್ನೆ ನಮಗೂ ಉಂಟು. ನಮ್ಮ ಹುಡುಗರಲ್ಲಿ ಬಹಳ ಮಂದಿ ಹೊರಡುವಾಗ ಅಲ್ಲಿ ದುಡಿದು ಇಲ್ಲಿ ಎರಡು ಎಕರೆ ಹೊಲ ತಗೋತೀನಿ ಅನ್ನುತ್ತಾರೆ. ಒಳ್ಳೆಯ ಆಸೆ. ಆದರೆ ವಿದೇಶದಲ್ಲಿ ನೆಲೆಸಿರುವ ಭಾರತೀಯ ತನ್ನ ಹೆಸರಿಗೆ ಕೃಷಿ ಭೂಮಿ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಆ ದೇಶದ ಪೌರತ್ವ ತೆಗೆದುಕೊಂಡರೆ ನಮ್ಮ ಪೌರತ್ವ ಹೋಗುತ್ತದೆ. ಹಾಗೆ ಪೌರತ್ವ ಬಿಟ್ಟವರಿಗೆ ನಮ್ಮ ಸರ್ಕಾರ ಕೊಡುವ ಒಸಿಐ ಕಾರ್ಡಿನಲ್ಲಿ ಬಂದು ಹೋಗಬಹುದು, ಮತ ಹಾಕುವಂತಿಲ್ಲ, ಹೊಲ ಕೊಳ್ಳುವಂತಿಲ್ಲ. ಇದನ್ನು ತಿಳಿದವರು ಹೊರಡುವಾಗಲೇ ಎಷ್ಟು ವರ್ಷಕ್ಕೆ ಹೋಗುತ್ತಿದ್ದೇನೆ, ಯಾವುದಕ್ಕೆ ಹೋಗುತ್ತಿದ್ದೇನೆ ಎಂದು ಮನೆಯಲ್ಲಿ ಹೇಳಿ ಹೋಗುತ್ತಾರೆ. ತಂಗಿಯ ಮದುವೆಗೆ, ಮನೆಗೆ ತಾರಸಿ ಹಾಕಿಸಲು, ಸಾಲ ತೀರಿಸಲು, ಓದಲು, ಹೀಗೆ ಕಾರಣಕ್ಕೊಂದು ಹೆಸರಿರಲಿ. ಆ ಕಾರಣ ಮುಗಿದ ದಿನ ಇರಬೇಕೋ ಬರಬೇಕೋ ಎಂದು ಮತ್ತೆ ಕೂತು ಮಾತಾಡಬೇಕು. ಒಮ್ಮೆ ಮಾಡಿದ ನಿರ್ಧಾರ ಇಡೀ ಬಾಳಿಗೆ ಸಾಲದು.

ವಯಸ್ಸಾದ ಅಪ್ಪ ಅವ್ವನ ಮಾತು ಕೊನೆಗೆ ಇಟ್ಟುಕೊಂಡೆ, ಅದೇ ಎಲ್ಲಕ್ಕಿಂತ ಭಾರವಾದದ್ದು. ಹಣ ಬರುತ್ತದೆ, ಆದರೆ ಆಸ್ಪತ್ರೆಗೆ ಕರೆದೊಯ್ಯುವ ಕೈ ಇರುವುದಿಲ್ಲ. ಆದ್ದರಿಂದ ಹೊರಡುವ ಮುಂಚೆ ಆ ಜವಾಬ್ದಾರಿಯನ್ನು ಹೆಸರು ಹಿಡಿದು ಯಾರಿಗಾದರೂ ಒಪ್ಪಿಸಬೇಕು. ತಮ್ಮನಿಗೋ, ದೊಡ್ಡಪ್ಪನ ಮಗನಿಗೋ, ಪಕ್ಕದ ಮನೆಯ ಗೆಳೆಯನಿಗೋ. ಒಪ್ಪಿಕೊಂಡವರ ಕಷ್ಟಕ್ಕೆ ಕೃತಜ್ಞತೆಯನ್ನೂ ಖರ್ಚನ್ನೂ ಕಳಿಸಬೇಕು. ಕಳಿಸುವ ಹಣ ಬ್ಯಾಂಕಿನ ದಾರಿಯಲ್ಲೇ ಬರಲಿ. ಬ್ಯಾಂಕು ತಪ್ಪಿಸಿ ಹುಂಡಿಯಲ್ಲಿ ಬಂದ ಹಣಕ್ಕೆ ನಾಳೆ ಸಾಕ್ಷಿಯಿಲ್ಲ.

ಕವಲಂದೆಯಲ್ಲೂ ಸುತ್ತಲ ಹಳ್ಳಿಗಳಲ್ಲೂ ಹೋಗಿ ಬಂದವರು ಇದ್ದೇ ಇರುತ್ತಾರೆ. ಅವರಿಗೆ ನನ್ನದೊಂದು ಕೋರಿಕೆ. ಶಾಲೆಯ ಅಂಗಳದಲ್ಲೋ ಪಂಚಾಯಿತಿ ಕಟ್ಟೆಯಲ್ಲೋ ಗ್ರಂಥಾಲಯದಲ್ಲೋ ಒಂದು ಸಂಜೆ ಹುಡುಗ ಹುಡುಗಿಯರನ್ನು ಕೂರಿಸಿಕೊಳ್ಳಿ. ಎಷ್ಟು ಕೊಟ್ಟು ಹೋದಿರಿ, ಎಷ್ಟು ಉಳಿಯಿತು, ಯಾವಾಗ ಅತ್ತಿರಿ, ಯಾರು ಕೈ ಹಿಡಿದರು, ಎಲ್ಲವನ್ನೂ ಹೇಳಿ. ಈಗ ಅಲ್ಲಿರುವ ಮಕ್ಕಳೇ, ಈ ವಾರ ಮನೆಗೆ ಫೋನು ಮಾಡಿದಾಗ ಒಂದು ಕಷ್ಟವನ್ನಾದರೂ ಇದ್ದ ಹಾಗೆ ಹೇಳಿ. ಇಲ್ಲಿರುವ ತಾಯಂದಿರೇ, ನಿಮ್ಮ ಕಾಲಿನ ಗಾಯವನ್ನೂ ಹೇಳಿ. ಹಾಗೆ ಹೇಳಿಕೊಳ್ಳಬಲ್ಲ ಮನೆಯಿಂದ ಹೊರಟವರು ಮೋಸ ಹೋಗುವುದು ಕಡಿಮೆ, ಉಳಿದವರು ಕೊರಗುವುದು ಕಡಿಮೆ. ಹೋಗಲಿ, ಉಳಿಯಲಿ, ಮರಳಿ ಬರಲಿ, ನಮ್ಮ ಮಕ್ಕಳು ತಿಳಿದು ನಿರ್ಧರಿಸಲಿ. ಅದಕ್ಕೆ ಬೇಕಾದ ನಿಜವನ್ನು ಕೊಡುವ ಹೊಣೆ ನಮ್ಮೆಲ್ಲರದು.